ಶಾಲೆಗೆ ಹೋಗದೆ ಹತ್ತನೆಯ ತರಗತಿ: ಮನೆಯಲ್ಲೇ ಕಲಿಯುವ ಮಕ್ಕಳ ಪಾಲಕರಿಗೊಂದು ಮಾರ್ಗದರ್ಶಿ

ಹತ್ತನೆಯ ತರಗತಿಯ ವಿದ್ಯಾರ್ಥಿಗಾಗಿ ಶಾಲೆ ಮಾಡುವ ಕೆಲಸಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪಾಠ ಮಾತ್ರ. ಹೆಸರು ನೋಂದಾಯಿಸುವುದು, ಜನ್ಮದಿನಾಂಕ ತಾಳೆ ನೋಡುವುದು, ಗಡುವಿನೊಳಗೆ ಶುಲ್ಕ ಕಟ್ಟುವುದು, ಪ್ರಯೋಗಾಲಯ ಒದಗಿಸುವುದು, ಪೂರ್ವಸಿದ್ಧತಾ ಪರೀಕ್ಷೆ ನಡೆಸುವುದು, ಹಾಲ್ ಟಿಕೆಟ್ ಕೈಗೆ ಕೊಡುವುದು, ಇವೆಲ್ಲ ಕಚೇರಿಯ ಕೋಣೆಯೊಳಗೆ ಸದ್ದಿಲ್ಲದೆ ನಡೆದುಹೋಗುತ್ತವೆ. ಮಗುವನ್ನು ಮನೆಯಲ್ಲೇ ಓದಿಸುತ್ತೇವೆಂದು ತೀರ್ಮಾನಿಸಿದ ದಿನವೇ ಈ ಕೆಲಸಗಳೆಲ್ಲ ಪಾಲಕರ ಪಾಲಿಗೆ ಬರುತ್ತವೆ. ಮಗಳನ್ನು ಮನೆಯಲ್ಲಿ ಓದಿಸಿ ಪರೀಕ್ಷೆ ಬರೆಸಿದ ಎರಡು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಶಾಲೆಯ ಕಚೇರಿ ಮಾಡುವ ಕೆಲಸವನ್ನು ಪಾಲಕರು ಒಂದಿಷ್ಟೂ ಬಿಡದೆ ತಾವೇ ಹೊರಬೇಕು, ಕಲಿಯುವ ಕೆಲಸವನ್ನು ಮಾತ್ರ ತಿಂಗಳಿಂದ ತಿಂಗಳಿಗೆ ಹೆಚ್ಚು ಹೆಚ್ಚಾಗಿ ಮಗುವಿಗೇ ಒಪ್ಪಿಸುತ್ತ ಹೋಗಬೇಕು. ಅನೇಕ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ತಂದೆ ತಾಯಿ ದಿನವಿಡೀ ಪಾಠ ಹೇಳಿ ದಣಿಯುತ್ತಾರೆ, ಅರ್ಜಿಯ ಕೊನೆಯ ದಿನಾಂಕ ಕೈತಪ್ಪಿಹೋಗಿರುತ್ತದೆ.

ಕಾನೂನಿನ ಮಾತು ಮೊದಲು

ಬಂಧುಗಳೂ ನೆರೆಯವರೂ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಕಾನೂನಿನ ಒಪ್ಪಿಗೆಯಿದೆಯೇ ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಂದು ಜಾರಿಗೆ ಬಂದದ್ದು, 6ರಿಂದ 14 ವರ್ಷದವರೆಗಿನ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣಕ್ಕೆ ಸಂಬಂಧಿಸಿದೆ. ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳು ಬಹುಮಟ್ಟಿಗೆ ಆ ವಯೋಮಿತಿಯ ಆಚೆಗೆ ಬೀಳುತ್ತವೆ. ಇನ್ನು, ಶಾಲೆಗೆ ಹೋಗದವರಿಗೂ ಮಾಧ್ಯಮಿಕ ಪ್ರಮಾಣಪತ್ರ ಸಿಗಲೆಂದೇ ಕೇಂದ್ರ ಸರ್ಕಾರ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯನ್ನು ಸ್ವಾಯತ್ತ ಸಂಸ್ಥೆಯಾಗಿ ಸ್ಥಾಪಿಸಿತು. 2002ರಿಂದ ಅದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಚಿಕ್ಕದಾಗಿ ಎನ್‌ಐಒಎಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆದ್ದರಿಂದ 14 ತುಂಬಿದ ಮಗು ಮನೆಯಲ್ಲಿ ಓದಿ ಪರೀಕ್ಷೆ ಬರೆಯುವುದು ಯಾರ ಕಣ್ಣನ್ನೋ ತಪ್ಪಿಸಿ ಮಾಡುವ ಕೆಲಸವಲ್ಲ. ಅದಕ್ಕಾಗಿ ಸರ್ಕಾರವೇ ತೆರೆದಿಟ್ಟ ದಾರಿಯಿದೆ.

ಹೆಜ್ಜೆ 1: ಮುಂದಿನ ಬಾಗಿಲನ್ನು ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ

ಯಾವ ಮಂಡಳಿಯ ಪರೀಕ್ಷೆ ಎಂದು ತೀರ್ಮಾನಿಸುವ ಮೊದಲು ಹತ್ತರ ನಂತರ ಮಗು ಎಲ್ಲಿಗೆ ಹೋಗಬಯಸುತ್ತದೆ ಎಂಬುದನ್ನು ಅದರೊಂದಿಗೆ ಕುಳಿತು ಮಾತನಾಡಬೇಕು. ಹದಿನಾಲ್ಕರ ಮಗುವಿಗೆ ಖಚಿತ ಉತ್ತರ ಇರಬೇಕೆಂದೇನಿಲ್ಲ. ಆದರೆ ಪಿಯು ವಿಜ್ಞಾನವೋ, ಡಿಪ್ಲೊಮಾವೋ, ಚಿತ್ರಕಲೆಯೋ, ಇನ್ನೂ ಗೊತ್ತಿಲ್ಲವೋ ಎಂಬಷ್ಟರ ಮಟ್ಟಿಗಾದರೂ ದಿಕ್ಕು ತಿಳಿದಿರಲಿ. ಗೊತ್ತಿಲ್ಲವೆಂದಾದರೆ ಹೆಚ್ಚು ಬಾಗಿಲುಗಳನ್ನು ತೆರೆದಿಡುವ ವಿಷಯಗಳನ್ನು ಆರಿಸುವುದೇ ಜಾಣತನ.

ಕರ್ನಾಟಕದ ಪಾಲಕರು ಇಲ್ಲೇ ಗಮನಿಸಬೇಕಾದ ಸಂಗತಿಯೊಂದಿದೆ, ಅದನ್ನು ಯಾರೂ ಮುಂಚೆಯೇ ಹೇಳುವುದಿಲ್ಲ. ರಾಜ್ಯದ ವೃತ್ತಿ ಶಿಕ್ಷಣ ಕೋರ್ಸುಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಾಕುವ ಅರ್ಹತಾ ಷರತ್ತುಗಳಲ್ಲಿ ಬಹುತೇಕ ವಿದ್ಯಾರ್ಥಿಗಳು ಬಳಸುವುದು, ರಾಜ್ಯದೊಳಗೆ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಓದಿರಬೇಕೆಂಬ ಷರತ್ತನ್ನು. ಮಗು ಎಷ್ಟು ವರ್ಷ ಶಾಲೆಗೆ ಹೋಗಿದೆ, ಮುಂದೆ ಪಿಯು ಕಾಲೇಜಿಗೆ ಸೇರಿದರೆ ಆ ಲೆಕ್ಕ ಎಷ್ಟಾಗುತ್ತದೆ, ಏಳು ತುಂಬದಿದ್ದರೆ ಉಳಿದ ಷರತ್ತುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಪ್ರಾಧಿಕಾರದ ಇತ್ತೀಚಿನ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಿ. ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿದ್ದ ಮಗುವಿಗೆ ಇದು ತೊಡಕಾಗಲಾರದು. ಮೊದಲಿನಿಂದಲೂ ಮನೆಯಲ್ಲೇ ಕಲಿತ ಮಗುವಿಗೆ ದೊಡ್ಡ ತೊಡಕಾಗಬಹುದು, ಮತ್ತು ಅದನ್ನು ಹದಿನೇಳನೆಯ ವಯಸ್ಸಿನಲ್ಲಿ ತಿಳಿಯುವುದಕ್ಕಿಂತ ಹದಿನಾಲ್ಕರಲ್ಲಿ ತಿಳಿಯುವುದು ಮೇಲು.

ಹೆಜ್ಜೆ 2: ಮಂಡಳಿಯ ಆಯ್ಕೆ

ಪ್ರಾಯೋಗಿಕವಾಗಿ ನಮ್ಮ ಮುಂದಿರುವುದು ಮೂರು ದಾರಿಗಳು; ಸಿಬಿಎಸ್‌ಇ ಅವುಗಳಲ್ಲಿ ಸೇರಿಲ್ಲ. ಸಿಬಿಎಸ್‌ಇ ಪರೀಕ್ಷೆಗೆ ಸಾಮಾನ್ಯ ವಿದ್ಯಾರ್ಥಿಯಾಗಿ ಕೂರಲು ಶಾಲೆಯ ದಾಖಲಾತಿಯೂ ಶೇಕಡಾ 75ರ ಹಾಜರಾತಿಯೂ ಬೇಕಾಗುವುದರಿಂದ ಮನೆಯಲ್ಲಿ ಕಲಿಯುವವರಿಗೆ ಅದು ಸುಲಭದ ದಾರಿಯಲ್ಲ. ದಾಖಲಾತಿ ಮಾತ್ರ ಇಲ್ಲಿರಲಿ, ಮಗು ಬಾರದಿದ್ದರೂ ಪರೀಕ್ಷೆಗೆ ಕೂರಿಸುತ್ತೇವೆ ಎಂದು ಹೇಳುವ ಶಾಲೆಗಳು ಎದುರಾದರೆ ದೂರವಿರಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅದರ ದಂಡ ತೆರುವುದು ಮಗು.

ಮೊದಲನೆಯ ದಾರಿ ಎನ್‌ಐಒಎಸ್. ಹೆಚ್ಚಿನ ಕುಟುಂಬಗಳಿಗೆ ಇದೇ ಸೂಕ್ತವೆಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣಗಳಿವೆ. ಇಲ್ಲಿ ಐದು ವಿಷಯಗಳಲ್ಲಿ ಉತ್ತೀರ್ಣರಾದರೆ ಸಾಕು. ಅವುಗಳಲ್ಲಿ ಕನಿಷ್ಠ ಒಂದು ಭಾಷೆಯಿರಬೇಕು, ಎರಡು ಭಾಷೆಗಳವರೆಗೆ ಆರಿಸಬಹುದು. ಬೇಕಿದ್ದರೆ ಹೆಚ್ಚುವರಿಯಾಗಿ ಎರಡು ವಿಷಯಗಳನ್ನು ಸೇರಿಸಿಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಹಾಗೂ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಒಮ್ಮೆ ಮಾಡಿದ ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಅವಕಾಶಗಳು ಸಿಗುತ್ತವೆ, ಉತ್ತೀರ್ಣವಾದ ವಿಷಯದ ಅಂಕ ಹಾಗೆಯೇ ಉಳಿಯುತ್ತದೆ. ಅಂದರೆ ಅಕ್ಟೋಬರಿನಲ್ಲಿ ಎರಡು, ಏಪ್ರಿಲಿನಲ್ಲಿ ಮೂರು ಎಂದು ಹೊರೆಯನ್ನು ಹಂಚಿಕೊಳ್ಳಬಹುದು. ಐದೂ ವಿಷಯಗಳನ್ನು ಒಂದೇ ತಿಂಗಳಲ್ಲಿ ಬರೆಯುವುದೆಂದರೆ ಕಂಗೆಡುವ ಮಗುವಿಗೆ ಈ ಒಂದು ಅನುಕೂಲ ಎಷ್ಟು ದೊಡ್ಡದೆಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಮಾನ್ಯತೆ ಪಡೆದ ಬೇರೆ ಮಂಡಳಿಯಲ್ಲಿ ಈಗಾಗಲೇ ಕೆಲವು ವಿಷಯಗಳಲ್ಲಿ ಉತ್ತೀರ್ಣವಾಗಿದ್ದರೆ ಎರಡು ವಿಷಯಗಳವರೆಗೆ ಅಂಕ ವರ್ಗಾವಣೆಗೂ ಅವಕಾಶವುಂಟು. ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಶಾಲೆ ಬಿಟ್ಟ ಮಕ್ಕಳ ಪಾಲಕರು ಇದನ್ನು ನೆನಪಿಡಬೇಕು.

ಎರಡನೆಯದು ರಾಜ್ಯದ ಎಸ್ಸೆಸ್ಸೆಲ್ಸಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಖಾಸಗಿ ಅಭ್ಯರ್ಥಿಗಳಿಗೂ ಅವಕಾಶ ಕೊಡುತ್ತದೆ. ಅರ್ಜಿಯನ್ನು ನಿಗದಿತ ಪ್ರೌಢಶಾಲೆಯ ಮೂಲಕ ಸಲ್ಲಿಸಬೇಕಾಗುತ್ತದೆ, ವಯೋಮಿತಿಯ ನಿಯಮ ಎನ್‌ಐಒಎಸ್‌ಗಿಂತ ಬಿಗಿ. ಇಲ್ಲಿ ಮೂರು ಭಾಷೆಗಳೂ ಮೂರು ಮುಖ್ಯ ವಿಷಯಗಳೂ ಸೇರಿ ಆರು, ಪ್ರಥಮ ಭಾಷೆಗೆ 125 ಮತ್ತು ಉಳಿದವಕ್ಕೆ ತಲಾ 100ರಂತೆ ಒಟ್ಟು 625 ಅಂಕಗಳು. ಕನ್ನಡ ಮಾಧ್ಯಮದಲ್ಲಿ ಕಲಿತ, ರಾಜ್ಯದ ಪಠ್ಯಪುಸ್ತಕಗಳು ಈಗಾಗಲೇ ಕೈವಶವಾಗಿರುವ ಮಗುವಿಗೆ ಇದೇ ಸಹಜವಾದ ದಾರಿ. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಎಲ್ಲವೂ ಕನ್ನಡದಲ್ಲಿ ಧಾರಾಳವಾಗಿ ಸಿಗುತ್ತವೆ ಎಂಬುದನ್ನು ಕಡೆಗಣಿಸಬೇಡಿ.

ಮೂರನೆಯದು ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ. ಇದು ಹತ್ತನೆಯ ತರಗತಿಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ. ಖಾಸಗಿ ಅಭ್ಯರ್ಥಿಗಳನ್ನು ಸೇರಿಸಿಕೊಳ್ಳುವ ಕೇಂದ್ರವೊಂದನ್ನು ಹುಡುಕಿ ಅದರ ಮೂಲಕ ನೋಂದಾಯಿಸಬೇಕು. ಖರ್ಚು ಉಳಿದೆರಡಕ್ಕಿಂತ ಬಹಳ ಹೆಚ್ಚು. ಇದನ್ನು ಆರಿಸುವವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನತೆಯ ನಿಯಮವನ್ನು, ಅಂದರೆ ಈ ಪರೀಕ್ಷೆಯನ್ನು ಇಲ್ಲಿನ ಹತ್ತನೆಯ ತರಗತಿಗೆ ಸಮವೆಂದು ಒಪ್ಪಲು ಎಷ್ಟು ವಿಷಯ ಮತ್ತು ಯಾವ ಗ್ರೇಡ್ ಎಂಬುದನ್ನು, ವಿಷಯಗಳನ್ನು ಆರಿಸುವ ಮೊದಲೇ ಓದಬೇಕು.

ಮುಂದಿನ ಹೆಜ್ಜೆಗಳನ್ನು ಎನ್‌ಐಒಎಸ್ ದಾರಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಓದಿನ ಕುರಿತ ಭಾಗ ಮಾತ್ರ ಯಾವ ಮಂಡಳಿಗಾದರೂ ಸಲ್ಲುತ್ತದೆ.

ಹೆಜ್ಜೆ 3: ವಿಷಯಗಳನ್ನು ಆರಿಸುವುದು

ಸ್ವಾತಂತ್ರ್ಯ ಹೆಚ್ಚಿರುವಲ್ಲಿ ತಪ್ಪಿಗೂ ಎಡೆ ಹೆಚ್ಚು. ಎನ್‌ಐಒಎಸ್ ಮಾಧ್ಯಮಿಕ ಹಂತದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಜೊತೆಗೆ ಅರ್ಥಶಾಸ್ತ್ರ, ಮನಃಶಾಸ್ತ್ರ, ಗೃಹವಿಜ್ಞಾನ, ಚಿತ್ರಕಲೆ, ಲೆಕ್ಕಶಾಸ್ತ್ರ, ಭಾರತೀಯ ಸಂಸ್ಕೃತಿ ಮತ್ತು ಪರಂಪರೆ, ಡೇಟಾ ಎಂಟ್ರಿ ಮುಂತಾದವೂ ಇವೆ. ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಬಹುದು. ಅದರ ಸಂಕೇತ ಸಂಖ್ಯೆ 208. ಗಣಿತವನ್ನು ಕಂಡರೆ ಹೆದರುವ ಮಗು ಅದನ್ನು ಬಿಟ್ಟು ಐದು ವಿಷಯ ತುಂಬಿಸಿಕೊಳ್ಳುವುದು ನಿಯಮದ ಪ್ರಕಾರ ಸಾಧ್ಯ. ಆದರೆ ಡಿಪ್ಲೊಮಾ, ಐಟಿಐನ ಅನೇಕ ವಿಭಾಗಗಳು, ಪಿಯು ವಿಜ್ಞಾನ ಇವುಗಳ ಬಾಗಿಲಲ್ಲಿ ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನವನ್ನು ಕೇಳುತ್ತಾರೆ. ಹೆದರಿಕೆಯೊಂದನ್ನೇ ಕಾರಣವಾಗಿಟ್ಟುಕೊಂಡು ಗಣಿತವನ್ನು ಬಿಡಿಸಬೇಡಿ. ಅದನ್ನು ಕೊನೆಯ ಸರದಿಗೆ ಇಟ್ಟು, ಉಳಿದ ವಿಷಯಗಳನ್ನು ಮುಗಿಸಿದ ಮೇಲೆ ಆರು ತಿಂಗಳು ಅದೊಂದಕ್ಕೇ ಕೊಡುವ ಅವಕಾಶವನ್ನು ಈ ವ್ಯವಸ್ಥೆಯೇ ಕೊಟ್ಟಿದೆ.

ನನ್ನ ಸಲಹೆ ಹೀಗಿದೆ: ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂಬ ಐದನ್ನು ಬೆನ್ನೆಲುಬಾಗಿಟ್ಟುಕೊಂಡು, ಮಗುವಿನ ನಿಜವಾದ ಒಲವು ಯಾವುದಿದೆಯೋ ಅದನ್ನು ಆರನೆಯದಾಗಿ ಸೇರಿಸಿ. ಮಗು ಪ್ರೀತಿಯಿಂದ ಓದುವ ಒಂದು ವಿಷಯವಿದ್ದರೆ ಉಳಿದವುಗಳ ದಣಿವು ಕಡಿಮೆಯಾಗುತ್ತದೆ.

ಹೆಜ್ಜೆ 4: ದಾಖಲೆಗಳು ಮತ್ತು ಹೆಸರು

ಪ್ರವೇಶ ಆನ್‌ಲೈನಿನಲ್ಲಿ ನಡೆಯುತ್ತದೆ. ಜನನ ಪ್ರಮಾಣಪತ್ರ, ಆಧಾರ್ ಅಥವಾ ಬೇರೆ ಗುರುತಿನ ದಾಖಲೆ, ವಿಳಾಸದ ದಾಖಲೆ, ಭಾವಚಿತ್ರ, ಸಹಿ ಮತ್ತು ಹಿಂದಿನ ತರಗತಿಯ ದಾಖಲೆ ಬೇಕು. ಶಾಲೆಗೆ ಹೋಗದ ಮಗುವಿಗೆ ಹಿಂದಿನ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ, ಮಾಧ್ಯಮಿಕ ಹಂತದ ಓದಿಗೆ ಬೇಕಾದಷ್ಟು ತಿಳಿವಳಿಕೆ ತನಗಿದೆ ಎಂಬ ಸ್ವಯಂ ಘೋಷಣೆಗೆ ಅವಕಾಶವಿದೆ. ಯಾವ ದಿನಾಂಕಕ್ಕೆ 14 ತುಂಬಿರಬೇಕು ಎಂಬುದನ್ನು ಆ ವರ್ಷದ ವಿವರಣಾ ಪುಸ್ತಿಕೆಯಲ್ಲೇ ನೋಡಿ.

ಇದರಲ್ಲಿ ತೀರ ಸಣ್ಣದಾಗಿ ಕಂಡು ತೀರ ದೊಡ್ಡ ತೊಂದರೆ ಕೊಡುವುದು ಹೆಸರು. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಒಂದು ದಾಖಲೆಯಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದಿರುತ್ತಾರೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮುದ್ರಣವಾದ ಹೆಸರು ಮತ್ತು ಜನ್ಮದಿನಾಂಕ ಮುಂದೆ ಕಾಲೇಜು, ಪಾಸ್‌ಪೋರ್ಟ್, ಉದ್ಯೋಗ ಎಲ್ಲ ಕಡೆಗೂ ಆಧಾರವಾಗುತ್ತದೆ. ಆದ್ದರಿಂದ ಅರ್ಜಿ ತುಂಬುವುದಕ್ಕಿಂತ ಎರಡು ಮೂರು ತಿಂಗಳು ಮುಂಚೆಯೇ ಜನನ ಪ್ರಮಾಣಪತ್ರವನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು, ಅಕ್ಷರ ಅಕ್ಷರವಾಗಿ, ಕಾಗುಣಿತ ಸಮೇತ ಹೋಲಿಸಿ ನೋಡಿ. ಒಂದಕ್ಷರ ಬೇರೆಯಿದ್ದರೂ ಮೊದಲು ತಿದ್ದುಪಡಿ, ಆಮೇಲೆ ಅರ್ಜಿ.

ಹೆಜ್ಜೆ 5: ಗಡುವುಗಳ ಕ್ಯಾಲೆಂಡರ್

ನಾನು ಎಡವಿದ್ದು ಇಲ್ಲಿ. ಪ್ರವೇಶ ಸಿಕ್ಕಿತು, ಪುಸ್ತಕಗಳು ಬಂದವು, ಓದು ಸಾಗಿತು. ಪ್ರವೇಶ ಬೇರೆ, ಪರೀಕ್ಷೆಯ ನೋಂದಣಿ ಬೇರೆ ಎಂಬುದು ನನ್ನ ಅರಿವಿಗೆ ಬಂದಾಗ ದಂಡವಿಲ್ಲದೆ ಶುಲ್ಕ ಕಟ್ಟುವ ಅವಧಿ ಮುಗಿದಿತ್ತು. ದಂಡ ಕಟ್ಟಿ ಉಳಿಸಿಕೊಂಡೆವು. ಇನ್ನೂ ಕೆಲವು ದಿನ ತಡವಾಗಿದ್ದರೆ ಆರು ತಿಂಗಳು ಕಾಯಬೇಕಾಗುತ್ತಿತ್ತು. ಮಗಳು ತನ್ನ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿದ್ದಳು, ತಪ್ಪಿದ್ದು ನನ್ನ ಪಾಲಿನದು. ಆ ವಾರ ಅವಳ ಮುಖ ನೋಡುವುದು ನನಗೆ ಕಷ್ಟವಾಗಿತ್ತು.

ಅಂದಿನಿಂದ ಗೋಡೆಯ ಮೇಲೆ ಒಂದೇ ಹಾಳೆ ತೂಗಿತು. ಅದರಲ್ಲಿ ಆರು ಸಾಲುಗಳು: ಪ್ರವೇಶದ ಕೊನೆಯ ದಿನ, ಶಿಕ್ಷಕರು ಮೌಲ್ಯಮಾಪನ ಮಾಡುವ ನಿಯೋಜಿತ ಕಾರ್ಯಗಳನ್ನು, ಅಂದರೆ ಟಿಎಂಎಗಳನ್ನು ಸಲ್ಲಿಸುವ ಕೊನೆಯ ದಿನ, ಪರೀಕ್ಷಾ ಶುಲ್ಕದ ಅವಧಿ, ಪ್ರಾಯೋಗಿಕ ಪರೀಕ್ಷೆಯ ದಿನಗಳು, ಹಾಲ್ ಟಿಕೆಟ್ ಬಿಡುಗಡೆ, ಲಿಖಿತ ಪರೀಕ್ಷೆಯ ವೇಳಾಪಟ್ಟಿ. ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಧಿಕೃತ ಜಾಲತಾಣವನ್ನು ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ದಿನಾಂಕಗಳು ಬದಲಾಗುತ್ತಿರುತ್ತವೆ; ಪರಿಚಿತರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದಿನಾಂಕವನ್ನು ಜಾಲತಾಣದಲ್ಲಿ ಕಣ್ಣಾರೆ ಕಾಣದೆ ನಂಬಬೇಡಿ. ಕಟ್ಟಿದ ಪ್ರತಿಯೊಂದು ಶುಲ್ಕದ ರಸೀದಿಯನ್ನೂ ಮುದ್ರಿಸಿ ಒಂದೇ ಕಡತದಲ್ಲಿಡಿ.

ಹೆಜ್ಜೆ 6: ಓದಿನ ವ್ಯವಸ್ಥೆ

ಇನ್ನು ಮಗುವಿನ ಕೆಲಸಕ್ಕೆ ಬರೋಣ. ಶಾಲೆಯ ದಿನದ ನಕಲನ್ನು ಮನೆಯಲ್ಲಿ ಮಾಡಬೇಡಿ. ಗಂಟೆಗೊಂದು ವಿಷಯ, ನಡುವೆ ಬೆಲ್ಲು ಎಂಬ ಕ್ರಮ ಇರುವುದು ನಲವತ್ತು ಐವತ್ತು ಮಕ್ಕಳನ್ನು ಒಟ್ಟಿಗೆ ನಡೆಸಬೇಕಾದವರ ಅನುಕೂಲಕ್ಕೆ. ಮನೆಯಲ್ಲಿ ಒಬ್ಬ ವಿದ್ಯಾರ್ಥಿ ದಿನಕ್ಕೆ ನಾಲ್ಕೈದು ಗಂಟೆ ಮನಸ್ಸಿಟ್ಟು ಕುಳಿತರೆ ಪಾಠಗಳು ಮುಗಿಯುತ್ತವೆ. ದಿನಕ್ಕೆ ಎರಡೇ ವಿಷಯಗಳನ್ನು ದೀರ್ಘವಾಗಿ ಓದುವುದು ನಮ್ಮಲ್ಲಿ ಫಲಿಸಿತು. ಹದಿಹರೆಯದಲ್ಲಿ ನಿದ್ದೆಯ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ. ರಾತ್ರಿ ಬೇಗ ನಿದ್ದೆ ಬಾರದು, ಬೆಳಿಗ್ಗೆ ಬೇಗ ಎಚ್ಚರವಾಗದು. ಬ್ರಾಹ್ಮೀ ಮುಹೂರ್ತದ ಓದಿನ ಬಗ್ಗೆ ಹಿರಿಯರು ಏನೇ ಹೇಳಲಿ, ತೂಕಡಿಸುವ ಮಗುವನ್ನು ಎಬ್ಬಿಸಿ ಕೂರಿಸಿದರೆ ಪುಟ ತಿರುಗುತ್ತದೆ, ತಲೆಗೆ ಹತ್ತುವುದಿಲ್ಲ. ಏಳುವ ಸಮಯ ದಿನದಿನಕ್ಕೆ ಬದಲಾಗದೆ ಒಂದೇ ಆಗಿರಲಿ, ಅಷ್ಟು ಸಾಕು.

ಓದಿದ್ದನ್ನು ಮತ್ತೆ ಮತ್ತೆ ಓದುವುದು ಕಲಿಕೆಯೆಂದು ನಮ್ಮ ಪೀಳಿಗೆ ನಂಬಿತ್ತು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ಎಷ್ಟು ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ತನ್ನ ಮೇಲೆಯೇ ಪ್ರಯೋಗಿಸಿ ತೋರಿಸಿದ. ಆ ಮರೆವಿಗೆ ಮದ್ದು ಯಾವುದೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸ್ಪಷ್ಟಪಡಿಸುತ್ತದೆ: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಕೇಳಿದಾಗ ಮುಂದಿದ್ದರು, ಆದರೆ ಒಂದು ವಾರದ ಬಳಿಕ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವ ಅಭ್ಯಾಸ ಮಾಡಿದವರೇ ಬಹಳ ಮುಂದಿದ್ದರು. ಪರೀಕ್ಷೆ ಇರುವುದು ಐದು ನಿಮಿಷದ ಬಳಿಕ ಅಲ್ಲ, ತಿಂಗಳುಗಳ ಬಳಿಕ.

ಇದನ್ನು ಮನೆಯಲ್ಲಿ ಹೀಗೆ ಆಚರಣೆಗೆ ತರಬಹುದು. ಪಾಠ ಓದಿ ಮುಗಿದೊಡನೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನೂ ಮಗು ಬರೆಯಲಿ. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ತಾನೇ ಸೇರಿಸಲಿ. ಆ ಹಾಳೆಯ ಮೇಲೆ ದಿನಾಂಕ ಹಾಕಿ, ಮೂರು ದಿನದ ಬಳಿಕ, ಹತ್ತು ದಿನದ ಬಳಿಕ, ಒಂದು ತಿಂಗಳ ಬಳಿಕ ಮತ್ತೆ ಖಾಲಿ ಹಾಳೆಯಿಂದಲೇ ಆರಂಭಿಸಬೇಕು. ಮೊದಲ ವಾರಗಳಲ್ಲಿ ಮಗುವಿಗೆ ಇದು ಅಸಹನೆ ತರುತ್ತದೆ, ಏಕೆಂದರೆ ಎಷ್ಟು ನೆನಪಿಲ್ಲ ಎಂಬುದು ಕಣ್ಣೆದುರೇ ಕಾಣುತ್ತದೆ. ಆಗ ಪಾಲಕರು ಆ ಹಾಳೆಯನ್ನು ತಿದ್ದುವ, ಅಂಕ ಕೊಡುವ ಗೋಜಿಗೆ ಹೋಗಬಾರದು. ತನ್ನ ಮರೆವನ್ನು ತಾನೇ ಕಂಡು ತಾನೇ ತುಂಬಿಕೊಳ್ಳುವ ಧೈರ್ಯ ಬಂದ ಮಗುವಿಗೆ ಮುಂದೆ ಶಿಕ್ಷಕರಿದ್ದರೂ ಇಲ್ಲದಿದ್ದರೂ ಓದು ಸಾಗುತ್ತದೆ. ಮನೆಯಲ್ಲಿ ಕಲಿತ ಮಗುವಿಗೆ ದೊರೆಯಬಹುದಾದ ನಿಜವಾದ ಲಾಭ ಇದೇ ಎಂದು ನಾನು ನಂಬುತ್ತೇನೆ.

ಗಣಿತಕ್ಕೆ ಈ ಮಾತನ್ನು ಇನ್ನೂ ಬಿಗಿಯಾಗಿ ಅನ್ವಯಿಸಬೇಕು. ಬಿಡಿಸಿದ ಲೆಕ್ಕವನ್ನು ಓದುವಾಗ ಎಲ್ಲವೂ ಅರ್ಥವಾದಂತೆ ತೋರುತ್ತದೆ, ಪುಸ್ತಕ ಮುಚ್ಚಿದರೆ ಎರಡನೆಯ ಹಂತದಲ್ಲೇ ಕೈ ನಿಲ್ಲುತ್ತದೆ. ತಪ್ಪಿದ ಲೆಕ್ಕಗಳಿಗಾಗಿಯೇ ಒಂದು ನೋಟ್‌ಬುಕ್ ಇರಲಿ, ತಪ್ಪು ಎಲ್ಲಿ ಆಯಿತೆಂದು ಒಂದು ಸಾಲಿನಲ್ಲಿ ಮಗು ಬರೆದಿಡಲಿ. ಚಿಹ್ನೆ ತಪ್ಪಿತೇ, ಸೂತ್ರ ಮರೆತಿತೇ, ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡಿತೇ? ಎರಡು ತಿಂಗಳಲ್ಲಿ ಆ ಪುಸ್ತಕ, ಯಾವುದಕ್ಕೆ ಅಭ್ಯಾಸ ಬೇಕು ಎಂಬುದನ್ನು ಯಾವ ಟ್ಯೂಷನ್ನಿಗಿಂತಲೂ ಖಚಿತವಾಗಿ ಹೇಳುತ್ತದೆ.

ನಿಮಗೆ ಬಾರದ ವಿಷಯಕ್ಕೆ ಹೊರಗಿನ ಶಿಕ್ಷಕರನ್ನು ಗೊತ್ತುಮಾಡಲು ಹಿಂಜರಿಯಬೇಡಿ. ವಾರಕ್ಕೆ ಎರಡು ಗಂಟೆ, ಮಗುವಿನ ಸಂದೇಹಗಳ ಪಟ್ಟಿಯನ್ನಷ್ಟೇ ಹಿಡಿದು ಕೂರುವ ಒಬ್ಬ ಶಿಕ್ಷಕರು ಸಾಕು. ಎನ್‌ಐಒಎಸ್‌ನ ಮಾನ್ಯತೆ ಪಡೆದ ಅಧ್ಯಯನ ಕೇಂದ್ರಗಳಲ್ಲಿ ಸಂಪರ್ಕ ತರಗತಿಗಳೂ ನಡೆಯುತ್ತವೆ. ಅವುಗಳ ಗುಣಮಟ್ಟ ಕೇಂದ್ರದಿಂದ ಕೇಂದ್ರಕ್ಕೆ ಬೇರೆ; ಕೇಂದ್ರವನ್ನು ಆರಿಸುವ ಮೊದಲು ಖುದ್ದಾಗಿ ಹೋಗಿ ನೋಡಿ, ಅಲ್ಲಿ ಓದುತ್ತಿರುವ ಮಕ್ಕಳನ್ನು ಮಾತನಾಡಿಸಿ.

ಹೆಜ್ಜೆ 7: ಟಿಎಂಎ ಮತ್ತು ಪ್ರಯೋಗಗಳು

ಎನ್‌ಐಒಎಸ್‌ನಲ್ಲಿ ಟಿಎಂಎಗೆ ಶೇಕಡಾ 20ರ ತೂಕವಿದೆ. ಉತ್ತೀರ್ಣವಾಗಲು ಶೇಕಡಾ 33 ಸಾಕಾಗುವ ಪರೀಕ್ಷೆಯಲ್ಲಿ ಈ 20 ಎಷ್ಟು ಬೆಲೆಯುಳ್ಳದ್ದೆಂದು ಬಿಡಿಸಿ ಹೇಳಬೇಕಿಲ್ಲ. ಅಂತರ್ಜಾಲದಲ್ಲಿ ಸಿದ್ಧ ಉತ್ತರಗಳು ಸಿಗುತ್ತವೆ, ಬರೆದುಕೊಡುವ ಅಂಗಡಿಗಳೂ ಇವೆ. ಮಗುವಿಗೆ ಅದನ್ನು ತಂದುಕೊಡುವ ಪಾಲಕರು ತಾವೇ ಕಲಿಸಬಯಸಿದ ಎಲ್ಲವನ್ನೂ ಆ ಒಂದು ದಿನ ಅಳಿಸಿಹಾಕುತ್ತಾರೆ. ಸ್ವಂತ ವಾಕ್ಯಗಳಲ್ಲಿ, ಸ್ವಂತ ಕೈಬರಹದಲ್ಲಿ ಬರೆದ ಟಿಎಂಎ ಪರೀಕ್ಷೆಯ ಉತ್ತರ ಬರೆಯುವುದಕ್ಕೆ ಮೊದಲ ಅಭ್ಯಾಸವೂ ಹೌದು. ಪಾಠಗಳಲ್ಲಿ ಯಾವುವು ಟಿಎಂಎಗೆ, ಯಾವುವು ಸಾರ್ವಜನಿಕ ಪರೀಕ್ಷೆಗೆ ಎಂಬ ವಿಂಗಡಣೆಯನ್ನು ಸಂಸ್ಥೆಯೇ ಪ್ರಕಟಿಸಿದೆ. ಓದಿನ ಯೋಜನೆ ಹಾಕುವ ಮೊದಲು ಅದನ್ನು ಇಳಿಸಿಕೊಂಡು ಪಠ್ಯಪುಸ್ತಕದ ಪರಿವಿಡಿಯ ಮೇಲೆ ಗುರುತು ಮಾಡಿ.

ವಿಜ್ಞಾನ, ಗಣಿತ, ಗೃಹವಿಜ್ಞಾನ, ಚಿತ್ರಕಲೆ ಮುಂತಾದ ವಿಷಯಗಳಿಗೆ ಪ್ರಾಯೋಗಿಕ ಪರೀಕ್ಷೆಯುಂಟು, ಅದು ಲಿಖಿತ ಪರೀಕ್ಷೆಗಿಂತ ಮೊದಲೇ ನಡೆಯುತ್ತದೆ, ಅದರಲ್ಲೂ ಪ್ರತ್ಯೇಕವಾಗಿ ಉತ್ತೀರ್ಣವಾಗಬೇಕು. ಮನೆಯಲ್ಲಿ ಓದಿದ ಮಕ್ಕಳು ಹೆಚ್ಚಾಗಿ ಕಕ್ಕಾಬಿಕ್ಕಿಯಾಗುವುದು ಇಲ್ಲಿಯೇ. ಅಳತೆಯ ಜಾಡಿಯಲ್ಲಿ ದ್ರವದ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು ಓದುವುದು, ಮಸೂರದ ಸಂಗಮದೂರ ಅಳೆಯುವುದು, ಲಿಟ್ಮಸ್ ಕಾಗದ ಬಳಸುವುದು, ಇವನ್ನು ವಿಡಿಯೊದಲ್ಲಿ ಹತ್ತು ಬಾರಿ ನೋಡುವುದಕ್ಕಿಂತ ಕೈಯಾರೆ ಒಂದು ಬಾರಿ ಮಾಡುವುದು ಮೇಲು. ಅಧ್ಯಯನ ಕೇಂದ್ರದ ಪ್ರಯೋಗಾಲಯವನ್ನು ಬಳಸಲು ಕೇಳುವ ಹಕ್ಕು ನಿಮಗಿದೆ, ಕೇಳಿ. ಪ್ರಯೋಗ ಪುಸ್ತಕವನ್ನು ಕೊನೆಯ ವಾರಕ್ಕೆ ಉಳಿಸಬೇಡಿ.

ಹೆಜ್ಜೆ 8: ಮೂರು ಗಂಟೆ ಕೂರುವ ಅಭ್ಯಾಸ

ಶಾಲೆಯ ಮಗು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಹತ್ತಾರು ಪರೀಕ್ಷೆಗಳನ್ನು ಬರೆದಿರುತ್ತದೆ. ಮನೆಯಲ್ಲಿ ಕಲಿತ ಮಗುವಿಗೆ, ಗೊತ್ತಿಲ್ಲದ ಪ್ರಶ್ನೆಗಳನ್ನು ಎದುರಿಟ್ಟುಕೊಂಡು, ಅಪರಿಚಿತರ ನಡುವೆ, ಎದ್ದು ಹೋಗದೆ ಮೂರು ಗಂಟೆ ಬರೆಯುವುದು ಹೊಸ ಅನುಭವ. ತಿಳಿದಿದ್ದನ್ನು ಬರೆಯುವ ಮೊದಲೇ ಕೈ ಸೋಲುತ್ತದೆ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗಲೇ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟು ಬರೆಸಲು ಆರಂಭಿಸಿ. ಮೊದಲು ಒಂದು ಗಂಟೆಯ ಭಾಗ, ಬಳಿಕ ಎರಡು ಗಂಟೆ, ಕೊನೆಯ ಆರು ವಾರ ಪೂರ್ತಿ ಮೂರು ಗಂಟೆ. ಎನ್‌ಐಒಎಸ್‌ನ ಲಿಖಿತ ಪರೀಕ್ಷೆ ಸಾಮಾನ್ಯವಾಗಿ ಮಧ್ಯಾಹ್ನ 2.30ಕ್ಕೆ ಆರಂಭವಾಗುತ್ತದೆ. ಊಟದ ನಂತರದ ಜೊಂಪು ಹತ್ತುವ ಹೊತ್ತದು. ಅಭ್ಯಾಸವನ್ನೂ ಅದೇ ಹೊತ್ತಿನಲ್ಲಿ ಮಾಡಿಸಿ, ಅಂದು ಊಟ ಹಗುರವಾಗಿರಲಿ. ಸಾಧ್ಯವಾದರೆ ಮನೆಯ ಬದಲು ಗ್ರಂಥಾಲಯದಲ್ಲಿ ಅಥವಾ ಸ್ನೇಹಿತರ ಮನೆಯಲ್ಲಿ ಕೂರಿಸಿ.

ಉತ್ತರಪತ್ರಿಕೆಯನ್ನು ನೀವೇ ಮೌಲ್ಯಮಾಪನ ಮಾಡಬೇಡಿ. ಒಂದೆಡೆ ಮಮತೆ, ಇನ್ನೊಂದೆಡೆ ಆತಂಕ, ಎರಡೂ ಅಂಕವನ್ನು ಕೆಡಿಸುತ್ತವೆ. ಪ್ರಕಟವಾದ ಮೌಲ್ಯಮಾಪನ ಸೂಚಿಯನ್ನು ಮಗುವಿನ ಕೈಗೇ ಕೊಟ್ಟು, ಒಂದು ದಿನ ಕಳೆದ ಮೇಲೆ ತನ್ನ ಉತ್ತರಕ್ಕೆ ತಾನೇ ಅಂಕ ಹಾಕಿಕೊಳ್ಳಲು ಹೇಳಿ; ತಿಂಗಳಿಗೊಮ್ಮೆ ಪರಿಚಿತ ಶಿಕ್ಷಕರೊಬ್ಬರು ನೋಡಲಿ. ಎರಡು ಅಂಕದ ಪ್ರಶ್ನೆಗೆ ಎರಡು ಅಂಶ, ಐದು ಅಂಕದ ಪ್ರಶ್ನೆಗೆ ಐದು ಅಂಶ ಎಂಬ ಲೆಕ್ಕ ಆಗ ತಾನಾಗಿ ಹಿಡಿತಕ್ಕೆ ಬರುತ್ತದೆ.

ಕಲಿಕೆಯಲ್ಲಿ ತೊಡಕುಳ್ಳ ಅಥವಾ ಅಂಗವೈಕಲ್ಯವುಳ್ಳ ಮಗುವಾದರೆ ಲಿಪಿಕಾರರ ನೆರವು, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಮುಂತಾದ ಸೌಲಭ್ಯಗಳಿವೆ. ಅದಕ್ಕೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ಪಡೆಯಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಪ್ರವೇಶದ ಜೊತೆಗೇ ಆ ಕೆಲಸವನ್ನು ಆರಂಭಿಸಿ.

ಹೆಜ್ಜೆ 9: ಮಗುವಿನ ಒಡನಾಟ, ಮಗುವಿನ ಮನಸ್ಸು

ಹದಿನೈದರ ಮಗು ದಿನವಿಡೀ ತಂದೆ ತಾಯಿಯ ಮುಖವನ್ನೇ ನೋಡಿಕೊಂಡಿರುವುದು ಇಬ್ಬರಿಗೂ ಒಳ್ಳೆಯದಲ್ಲ. ಆಟದ ಮೈದಾನ, ಸಂಗೀತದ ತರಗತಿ, ಈಜು, ಗ್ರಂಥಾಲಯ, ನಾಟಕದ ಗುಂಪು, ಯಾವುದಾದರೊಂದು ವಾರಕ್ಕೆ ಮೂರು ದಿನವಾದರೂ ಇರಲಿ. ಪರೀಕ್ಷೆ ಹತ್ತಿರವಾಯಿತೆಂದು ಅದನ್ನು ನಿಲ್ಲಿಸಬೇಡಿ. ಫೆಬ್ರುವರಿಯಲ್ಲಿ ನಾನು ಮಗಳ ಸಂಜೆಯ ಆಟವನ್ನು ನಿಲ್ಲಿಸಿ ನೋಡಿದೆ. ಓದಿನ ಗಂಟೆಗಳು ಹೆಚ್ಚಿದವು, ಖಾಲಿ ಹಾಳೆಯ ಮೇಲೆ ಬರೆಯುವುದು ಕಡಿಮೆಯಾಯಿತು. ಎರಡು ವಾರದಲ್ಲಿ ಮತ್ತೆ ಆಟಕ್ಕೆ ಕಳುಹಿಸಿದೆ.

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಅರ್ಧ ಗಂಟೆ ಕುಳಿತು ಓದಿನ ಲೆಕ್ಕ ಮಾತನಾಡಿ: ಏನು ಮುಗಿಯಿತು, ಏನು ಉಳಿಯಿತು, ಮುಂದಿನ ವಾರ ಏನು. ಉಳಿದ ದಿನಗಳಲ್ಲಿ ಊಟದ ಎಲೆಯ ಮುಂದೆ ಪಾಠದ ಮಾತು ಬೇಡ. ಯೋಜನೆಯನ್ನು ಮೊದಲ ಮೂರು ತಿಂಗಳು ನೀವು ಬರೆಯಿರಿ, ಮುಂದಿನ ಮೂರು ತಿಂಗಳು ಇಬ್ಬರೂ ಕೂಡಿ, ಆಮೇಲೆ ಮಗುವೇ ಬರೆದು ನಿಮಗೆ ತೋರಿಸಲಿ. ನಡುವೆ ಒಂದು ವಾರ ಪೂರ್ತಿ ಹಾಳಾದರೂ ಯೋಜನೆಯನ್ನು ಕಸಿದುಕೊಳ್ಳಬೇಡಿ. ಮಗು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದನ್ನು ಸೋಮಾರಿತನವೆನ್ನದೆ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಅಕ್ಟೋಬರ್ ತಪ್ಪಿದರೆ ಏಪ್ರಿಲ್ ಇದೆ.

ಹೆಜ್ಜೆ 10: ಪರೀಕ್ಷೆ, ಫಲಿತಾಂಶ ಮತ್ತು ಆ ನಂತರ

ಹಾಲ್ ಟಿಕೆಟ್ ಬಂದೊಡನೆ ಹೆಸರು, ಭಾವಚಿತ್ರ, ವಿಷಯ ಸಂಕೇತ, ಮಾಧ್ಯಮ, ಕೇಂದ್ರ ಎಲ್ಲವನ್ನೂ ನೋಡಿ. ತಪ್ಪಿದ್ದರೆ ಅಂದೇ ಪ್ರಾದೇಶಿಕ ಕೇಂದ್ರವನ್ನು ಸಂಪರ್ಕಿಸಿ. ಪರೀಕ್ಷಾ ಕೇಂದ್ರಕ್ಕೆ ಒಂದು ದಿನ ಮುಂಚೆ, ಪರೀಕ್ಷೆಗೆ ಹೊರಡುವ ಹೊತ್ತಿಗೇ, ಮಗುವಿನೊಂದಿಗೆ ಹೋಗಿ ಬನ್ನಿ. ಪರೀಕ್ಷೆಯ ಸಂಜೆ ಪ್ರಶ್ನೆಪತ್ರಿಕೆಯನ್ನು ಬಿಚ್ಚಿ ಉತ್ತರ ತಾಳೆ ನೋಡುವ ಆಸೆಯನ್ನು ತಡೆದುಕೊಳ್ಳಿ.

ಒಂದು ವಿಷಯ ಉಳಿದರೆ ಆ ವಿಷಯವನ್ನಷ್ಟೇ ಮತ್ತೆ ಬರೆದರಾಯಿತು. ಅಂಕದ ಬಗ್ಗೆ ಅನುಮಾನವಿದ್ದರೆ ಮರುಪರಿಶೀಲನೆಗೆ ಅರ್ಜಿ ಹಾಕಲು ಅವಧಿ ಚಿಕ್ಕದು, ಫಲಿತಾಂಶದ ದಿನವೇ ಆ ಸೂಚನೆಯನ್ನೂ ಓದಿಕೊಳ್ಳಿ. ಆಯ್ದ ಕೇಂದ್ರಗಳಲ್ಲಿ ಬೇಡಿಕೆಯ ಮೇರೆಗೆ ನಡೆಯುವ ಪರೀಕ್ಷೆಯ ಸೌಲಭ್ಯ ಆ ಹೊತ್ತಿಗೆ ಲಭ್ಯವಿದ್ದರೆ ಆರು ತಿಂಗಳು ಕಾಯದೆಯೂ ಉಳಿದ ವಿಷಯವನ್ನು ಮುಗಿಸಬಹುದು.

ಉತ್ತೀರ್ಣವಾದ ಮೇಲೆ ಅಂಕಪಟ್ಟಿಯ ಜೊತೆಗೆ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವೂ ಸಂಸ್ಥೆಯಿಂದಲೇ ಬರುತ್ತದೆ. ಶಾಲೆಯ ಟಿಸಿ ಇಲ್ಲವಲ್ಲ ಎಂದು ಕಾಲೇಜಿನವರು ಕೇಳಿದರೆ ಇದೇ ಅದರ ಸ್ಥಾನದಲ್ಲಿರುವ ದಾಖಲೆ. ರಾಜ್ಯದ ಪಿಯು ಕಾಲೇಜಿಗೆ ಬೇರೆ ಮಂಡಳಿಯಿಂದ ಬರುವವರು ಪದವಿಪೂರ್ವ ಶಿಕ್ಷಣ ಇಲಾಖೆಯ ಅರ್ಹತಾ ಪತ್ರ ಪಡೆಯಬೇಕಾಗುತ್ತದೆ. ಅದರ ಅರ್ಜಿಯನ್ನು ಸೇರುವ ಕಾಲೇಜಿನ ಮೂಲಕವೇ ಹಾಕುವುದು ರೂಢಿ. ಎನ್‌ಐಒಎಸ್‌ನಲ್ಲೇ ಹನ್ನೆರಡನೆಯ ತರಗತಿಗೆ ಸೇರುವುದಾದರೆ, ಹತ್ತು ಮತ್ತು ಹನ್ನೆರಡರ ನಡುವೆ ಎರಡು ವರ್ಷದ ಅಂತರ ಇರಬೇಕೆಂಬ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುದ್ರಿತ ಅಂಕಪಟ್ಟಿ ಅಂಚೆಯಲ್ಲಿ ತಡವಾಗಿ ಬರುವುದುಂಟು. ಕಾಲೇಜು ಪ್ರವೇಶದ ದಿನ ಹತ್ತಿರವಾಗಿದ್ದರೆ ಡಿಜಿಲಾಕರಿನಲ್ಲಿ ಸಿಗುವ ಅಂಕಪಟ್ಟಿಯನ್ನು ಮುದ್ರಿಸಿಕೊಂಡು, ಮೂಲಪ್ರತಿ ಬಂದೊಡನೆ ಒಪ್ಪಿಸುತ್ತೇವೆಂಬ ಪತ್ರದೊಂದಿಗೆ ಪ್ರಾಂಶುಪಾಲರನ್ನು ಕಾಣಿ. ಆ ಪತ್ರವನ್ನು ಮಗುವೇ ಬರೆಯಲಿ, ಅಲ್ಲಿ ಮಾತನ್ನೂ ಮಗುವೇ ಆಡಲಿ. ನೀವು ಕಡತ ಹಿಡಿದು ಪಕ್ಕದಲ್ಲಿ ಕುಳಿತಿದ್ದರೆ ಸಾಕು.